ಹುಚ್ಚು ಚಕ್ರವರ್ತಿ ಎಂಬ ಸುಲಭದ ಕಥೆ

ರಿಡ್ಲಿ ಸ್ಕಾಟ್ ನಿರ್ದೇಶಿಸಿ 2024ರಲ್ಲಿ ತೆರೆಗೆ ಬಂದ ‘ಗ್ಲಾಡಿಯೇಟರ್ 2’ ಚಿತ್ರದಲ್ಲಿ ರೋಮ್ ಚಕ್ರವರ್ತಿ ಕ್ಯಾರಕಲ್ಲ ತನ್ನ ಮುದ್ದಿನ ಮಂಗವನ್ನು ಕಾನ್ಸಲ್ ಹುದ್ದೆಗೆ ನೇಮಿಸುತ್ತಾನೆ. ಅದು ರೋಮ್‌ನ ಗಣ್ಯರು ಜೀವಮಾನವಿಡೀ ಹಂಬಲಿಸುತ್ತಿದ್ದ ಹುದ್ದೆ. ಆದರೆ ಇತಿಹಾಸದ ಕ್ಯಾರಕಲ್ಲನಿಗೂ ಈ ಮಂಗಕ್ಕೂ ಸಂಬಂಧವಿಲ್ಲ. ಅವನ ಕಾಲದಲ್ಲೇ ಸೆನೆಟ್ ಸದಸ್ಯನಾಗಿದ್ದ, ಅವನನ್ನು ಕಂಡರಾಗದಿದ್ದ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಕೂಡ ಇಂಥ ಕಥೆ ಹೇಳುವುದಿಲ್ಲ. ಚಿತ್ರಕಥೆ ಬರೆದವರು ಇದನ್ನು ಕಡ ತಂದದ್ದು ಸುಮಾರು 170 ವರ್ಷ ಹಿಂದಿನ ಇನ್ನೊಬ್ಬ ಚಕ್ರವರ್ತಿ ಕ್ಯಾಲಿಗುಲನಿಂದ, ಅವನ ಕುದುರೆ ಇನ್ಸಿಟಾಟಸ್‌ನ ಪ್ರಸಿದ್ಧ ಕಥೆಯಿಂದ.

ಆ ಕುದುರೆಯೂ ಕಾನ್ಸಲ್ ಆಗಿರಲಿಲ್ಲ. ಕ್ಯಾಲಿಗುಲ ಆಳಿದ್ದು ಕ್ರಿ.ಶ. 37ರಿಂದ 41ರವರೆಗೆ. ಅವನು ಸತ್ತು ಸುಮಾರು 80 ವರ್ಷಗಳ ಮೇಲೆ ಬರೆದ ಸ್ವೆಟೋನಿಯಸ್, ಕುದುರೆಗೆ ಆ ಪದವಿ ಕೊಡುವ ಯೋಚನೆ ಅವನಿಗಿತ್ತಂತೆ ಎಂದಷ್ಟೇ ಹೇಳುತ್ತಾನೆ. ಇನ್ನೂ ನೂರು ವರ್ಷದ ನಂತರ ಡಿಯೊ, ಬದುಕಿದ್ದರೆ ಕೊಟ್ಟೇಬಿಡುತ್ತಿದ್ದ ಎನ್ನುತ್ತಾನೆ. ‘ಅಂತೆ’ಯಾಗಿದ್ದದ್ದು ನಮ್ಮ ಕಾಲದ ಮನರಂಜನೆಯಲ್ಲಿ ನಡೆದುಹೋದ ಸಂಗತಿಯಾಗಿ, ಕುದುರೆ ಮಂಗವಾಗಿ, ಒಬ್ಬನ ತಲೆಯಿಂದ ಇನ್ನೊಬ್ಬನ ತಲೆಗೆ ದಾಟಿದೆ. ರೋಮ್ ಚಕ್ರವರ್ತಿ ಎಂದರೆ ಹುಚ್ಚ ಎಂದು ಮೊದಲೇ ತೀರ್ಮಾನಿಸಿದವರಿಗೆ ಯಾವ ಹುಚ್ಚು ಯಾರದೆಂಬುದು ಮುಖ್ಯವಾಗುವುದಿಲ್ಲ.

ಕಲೆಗೆ ಇಸವಿಗಳನ್ನು ಬದಲಿಸುವ ಸ್ವಾತಂತ್ರ್ಯವಿದೆ. ಪಾತ್ರಗಳನ್ನು ಕೂಡಿಸುವ, ಇಲ್ಲದ ಘಟನೆ ಕಟ್ಟುವ ಸ್ವಾತಂತ್ರ್ಯವೂ ಇದೆ. ನನ್ನ ತಕರಾರು ಅದಲ್ಲ. ದೊರೆಗೆ ಹುಚ್ಚು ಎಂದ ಕೂಡಲೇ ಅವನ ಸುತ್ತ ಇದ್ದವರೆಲ್ಲ ನಿರಪರಾಧಿಗಳಾಗಿಬಿಡುತ್ತಾರೆ. ಅವನಿಗೆ ಅಂಕೆಯಿಲ್ಲದ ಅಧಿಕಾರ ಕೊಟ್ಟ ವ್ಯವಸ್ಥೆಯೂ ಪಾರಾಗುತ್ತದೆ. ಜನಪ್ರಿಯ ಮನರಂಜನೆ ಮತ್ತೆ ಮತ್ತೆ ಮಾಡುತ್ತಿರುವ ತಪ್ಪು ಇದು.

ಕ್ಯಾಲಿಗುಲನ ವಿಷಯವನ್ನೇ ನೋಡಿ. ಅವನನ್ನು ಕಣ್ಣಾರೆ ಕಂಡು ಬರೆದವರಲ್ಲಿ ಅಲೆಕ್ಸಾಂಡ್ರಿಯದ ಯಹೂದಿ ಚಿಂತಕ ಫಿಲೊ ಒಬ್ಬ. ತನ್ನ ಸಮುದಾಯದ ಮೇಲಾದ ಹಿಂಸೆಯನ್ನು ಅರಿಕೆ ಮಾಡಲು ನಿಯೋಗದೊಂದಿಗೆ ಬಂದಿದ್ದ. ಚಕ್ರವರ್ತಿ ಉದ್ಯಾನದ ಮನೆಗಳನ್ನು ಒಂದೊಂದಾಗಿ ನೋಡುತ್ತ, ಕಟ್ಟಡಕ್ಕೆ ಏನೇನು ಆಗಬೇಕೆಂದು ಅಪ್ಪಣೆ ಕೊಡುತ್ತ, ನಡುವೆ ನೀವು ಹಂದಿಮಾಂಸ ಏಕೆ ತಿನ್ನುವುದಿಲ್ಲ ಎಂದು ಕೇಳುತ್ತ ನಡೆದ. ಜೀವಭಯ ಹೊತ್ತು ಬಂದವರು ಅವನ ಬೆನ್ನ ಹಿಂದೆ ಕೋಣೆಯಿಂದ ಕೋಣೆಗೆ ಅಲೆದರು. ಅಲ್ಲಿದ್ದವರು ನಕ್ಕರು. ಈ ದೃಶ್ಯ ಭಯ ಹುಟ್ಟಿಸಲು ದೊರೆಯ ತಲೆ ಕೆಟ್ಟಿರಬೇಕಾಗಿಲ್ಲ. ಅವನನ್ನು ತಡೆಯುವವರು ಯಾರೂ ಇಲ್ಲದಿದ್ದರೆ ಸಾಕು.

ಜರ್ಮನ್ ಇತಿಹಾಸಕಾರ ಆಲೊಯ್ಸ್ ವಿಂಟರ್ಲಿಂಗ್ 2003ರ ತನ್ನ ಗ್ರಂಥದಲ್ಲಿ ಇದಕ್ಕೆ ಗಟ್ಟಿಯಾದ ವಿವರಣೆ ಕೊಟ್ಟಿದ್ದಾನೆ. ಮೊದಲ ಚಕ್ರವರ್ತಿ ಆಗಸ್ಟಸ್ ರಾಜಪ್ರಭುತ್ವಕ್ಕೆ ಗಣರಾಜ್ಯದ ಉಡುಪು ತೊಡಿಸಿದ್ದ. ಆ ನಾಟಕ ನಡೆಯಬೇಕಾದರೆ ಸೆನೆಟ್ ತನಗೆ ಅಧಿಕಾರವಿದ್ದಂತೆಯೂ ಚಕ್ರವರ್ತಿ ತನಗೆ ಇಲ್ಲದಂತೆಯೂ ನಟಿಸಬೇಕಿತ್ತು. ಕ್ಯಾಲಿಗುಲ ಆ ನಟನೆಯನ್ನು ಬಿಟ್ಟು, ನಿಮ್ಮ ಮರ್ಯಾದೆಯೆಲ್ಲ ನನ್ನ ಭಿಕ್ಷೆ ಎಂದು ಗಣ್ಯರ ಮುಖಕ್ಕೆ ಹೊಡೆದಂತೆ ತೋರಿಸಿದ. ಹಾಗೆ ಓದಿದರೆ ಕುದುರೆಯ ಮಾತು ಭ್ರಮೆಯಲ್ಲ, ಲೆಕ್ಕ ಹಾಕಿ ಮಾಡಿದ ಅವಮಾನ. ಅವನ ಕ್ರೌರ್ಯ ಇದರಿಂದ ಕಡಿಮೆಯಾಗುವುದಿಲ್ಲ, ಅರ್ಥವಾಗುತ್ತದೆ. ಅವನ ಕೊಲೆಯ ನಂತರ, ಅವನನ್ನು ಹೊಗಳಿ ಬದುಕಿದ್ದವರಿಗೆಲ್ಲ ‘ಅವನಿಗೆ ಹುಚ್ಚಿತ್ತು’ ಎಂಬ ಮಾತು ಅನುಕೂಲವಾಯಿತು. ಈ ದೊರೆಗಳ ಚರಿತ್ರೆಯನ್ನು ಬದುಕಿದ್ದಾಗ ಭಯದಿಂದಲೂ ಸತ್ತ ಮೇಲೆ ದ್ವೇಷದಿಂದಲೂ ತಿರುಚಲಾಗಿದೆ ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಆಗಲೇ ಎಚ್ಚರಿಸಿದ್ದ. ಕ್ಯಾಲಿಗುಲನ ಆಳ್ವಿಕೆಯ ಬಗ್ಗೆ ಅವನು ಬರೆದ ಭಾಗಗಳೇ ಇಂದು ಉಳಿದಿಲ್ಲ.

ಈ ಎಚ್ಚರಿಕೆಯನ್ನು ತೆರೆಯ ಮೇಲಿನ ಅತ್ಯುತ್ತಮ ಕೃತಿಯೂ ಪಾಲಿಸಲಿಲ್ಲ. 1976ರ ಬಿಬಿಸಿ ಧಾರಾವಾಹಿ ‘ಐ, ಕ್ಲಾಡಿಯಸ್’ನಲ್ಲಿ ಜಾನ್ ಹರ್ಟ್ ಅವರ ಕ್ಯಾಲಿಗುಲ ಮರೆಯಲಾಗದ ಅಭಿನಯ. ಆದರೆ ಅವನು ತಂಗಿ ಡ್ರುಸಿಲ್ಲಳ ಗರ್ಭವನ್ನು ಸೀಳುವ ಪ್ರಸಂಗ ಸ್ವೆಟೋನಿಯಸ್‌ನಲ್ಲಿಲ್ಲ, ಡಿಯೊನಲ್ಲಿಲ್ಲ, ಧಾರಾವಾಹಿಗೆ ಆಧಾರವಾದ ರಾಬರ್ಟ್ ಗ್ರೇವ್ಸ್ ಕಾದಂಬರಿಯಲ್ಲೂ ಇಲ್ಲ. ಅರಮನೆಯ ಸಂಚು, ಹೊಂದಾಣಿಕೆ, ಹೇಡಿತನಗಳನ್ನು ಅಷ್ಟು ಸೂಕ್ಷ್ಮವಾಗಿ ಹೆಣೆದ ಧಾರಾವಾಹಿ, ಆ ಒಂದು ಕಟ್ಟುಕಥೆಯಿಂದ ಕ್ಯಾಲಿಗುಲನನ್ನು ಮನುಷ್ಯರ ಲೋಕದಿಂದಲೇ ಹೊರಗಿಟ್ಟಿತು. 1979ರ ‘ಕ್ಯಾಲಿಗುಲ’ ಚಿತ್ರದಲ್ಲಂತೂ ರಕ್ತ ಮತ್ತು ಕಾಮದ ಪ್ರದರ್ಶನ ಬಿಟ್ಟು ಚರ್ಚಿಸಲು ಏನೂ ಉಳಿಯುವುದಿಲ್ಲ.

2000ದ ‘ಗ್ಲಾಡಿಯೇಟರ್’ ಬಲವಾದ ಸಿನಿಮಾ. ಹೋಕಿನ್ ಫೀನಿಕ್ಸ್‌ನ ಕೊಮೊಡಸ್‌ಗೆ ತಂದೆಯ ಪ್ರೀತಿ ಸಿಗದ ನೋವು ಇದೆ. ಆದರೆ ಚಿತ್ರದಲ್ಲಿ ತಂದೆ, ಚಕ್ರವರ್ತಿ ಮಾರ್ಕಸ್ ಅರೇಲಿಯಸ್, ಮಗನನ್ನು ಬಿಟ್ಟು ಬೇರೊಬ್ಬನಿಗೆ ಅಧಿಕಾರ ಕೊಡಹೊರಟು, ಮಗನ ಕೈಯಲ್ಲೇ ಸಾಯುತ್ತಾನೆ. ವಾಸ್ತವದಲ್ಲಿ ಅವನೇ 177ರಲ್ಲಿ ಕೊಮೊಡಸ್‌ನನ್ನು ಸಹ-ಚಕ್ರವರ್ತಿಯಾಗಿ ಮಾಡಿದ್ದ. ಅಷ್ಟು ದೊಡ್ಡ ತತ್ವಜ್ಞಾನಿ ಸಾಮ್ರಾಜ್ಯವನ್ನು ಇಂಥ ಮಗನಿಗೆ ಏಕೆ ಒಪ್ಪಿಸಿದ? ಕಥೆಯ ಜೀವಾಳವಾಗಬಹುದಾಗಿದ್ದ ಈ ಪ್ರಶ್ನೆಯನ್ನು ಚಿತ್ರ ಅಳಿಸಿಹಾಕಿ, ಸಂತನಂಥ ತಂದೆ ಮತ್ತು ದುಷ್ಟ ಮಗನ ಕಥೆ ಹೇಳಿತು. ಕೊಮೊಡಸ್ ಅಖಾಡದಲ್ಲಿ ಉಷ್ಟ್ರಪಕ್ಷಿಯ ತಲೆ ಕಡಿದು ಸೆನೆಟರುಗಳತ್ತ ಆಡಿಸಿದಾಗ, ನಕ್ಕರೆ ಪ್ರಾಣ ಹೋಗುತ್ತದೆಂದು ತಲೆಯ ಮಾಲೆಯ ಎಲೆಗಳನ್ನು ಜಗಿದು ನಗು ತಡೆದೆ ಎಂದು ಡಿಯೊ ಬರೆದಿದ್ದಾನೆ. ಸರ್ವಾಧಿಕಾರದ ಕೆಳಗೆ ಬದುಕುವುದು ಹೇಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ನಿಜವಾದ ದೃಶ್ಯ ಬೇಕೆ?

ಎರಡನೆಯ ಭಾಗದ ನಷ್ಟ ಇನ್ನೂ ದೊಡ್ಡದು. ಕ್ಯಾರಕಲ್ಲ 211ರಲ್ಲಿ ತಮ್ಮ ಗೇಟನನ್ನು ಕೊಲ್ಲಿಸಿದ ಕ್ರೂರಿ. ಅವನೇ 212ರಲ್ಲಿ ಸಾಮ್ರಾಜ್ಯದ ಬಹುಪಾಲು ಎಲ್ಲ ಸ್ವತಂತ್ರ ಪ್ರಜೆಗಳಿಗೆ ರೋಮನ್ ಪೌರತ್ವ ಕೊಟ್ಟ. ಅದು ತೆರಿಗೆ ಹೆಚ್ಚಿಸುವ ಉಪಾಯ ಎಂದು ಡಿಯೊ ದೂರಿದ. ಕೊಲೆಗಡುಕನೊಬ್ಬ ಇಷ್ಟು ವಿಶಾಲ ಪೌರತ್ವದ ಆಜ್ಞೆಯನ್ನೂ ಹೊರಡಿಸಬಲ್ಲ ಎಂಬ ಸಂಕೀರ್ಣ ಸತ್ಯದ ಜಾಗದಲ್ಲಿ ಚಿತ್ರ ನಮಗೆ ಒಂದು ಮಂಗವನ್ನು ಕೊಡುತ್ತದೆ.

ಬೇರೆ ದಾರಿಯಿತ್ತು. ಆಲ್ಬರ್ಟ್ ಕಮೂ ಬರೆದ, 1944ರಲ್ಲಿ ಪ್ರಕಟವಾದ ‘ಕ್ಯಾಲಿಗುಲ’ ನಾಟಕದಲ್ಲಿ ದೊರೆ ಹುಚ್ಚನಲ್ಲ, ತರ್ಕವನ್ನು ಅದರ ಭೀಕರ ತುದಿಯವರೆಗೆ ಒಯ್ಯುವವನು. ವಿಮರ್ಶಕರು ಆಗಾಗ ಅದರ ಪಕ್ಕದಲ್ಲಿಟ್ಟು ನೋಡುವ ಗಿರೀಶ ಕಾರ್ನಾಡರ ‘ತುಘಲಕ್’ 1964ರದು. ಹುಚ್ಚು ಆಡಳಿತಕ್ಕೆ ಗಾದೆಯಾಗಿದ್ದ ಸುಲ್ತಾನನಿಗೆ ಕಾರ್ನಾಡರು ಬುದ್ಧಿಯನ್ನೂ ಕನಸನ್ನೂ ಕೊಟ್ಟರು. ಅವನ ಪ್ರತಿ ಶಾಸನವನ್ನೂ ವಂಚನೆಗೆ ಬಳಸುವ ಅಜೀಜನನ್ನು ಜೊತೆಗಿಟ್ಟು, ಪತನದಲ್ಲಿ ಪ್ರಜೆಗಳ ಪಾಲೂ ಇದೆ ಎಂದು ತೋರಿಸಿದರು. ಕಮೂ ಮತ್ತು ಕಾರ್ನಾಡರನ್ನು ಓದಿದವರಿಗೆ ಹಾಲಿವುಡ್‌ನ ಮಂಗ ತೀರಾ ಬಡಕಲಾಗಿ ಕಾಣುತ್ತದೆ.

ಹುಚ್ಚು ಚಕ್ರವರ್ತಿಯ ಕಥೆ ಇತಿಹಾಸಕ್ಕೂ ಅನ್ಯಾಯ, ಮನೋರೋಗದಿಂದ ನರಳುವವರಿಗೂ ಅನ್ಯಾಯ. ಅವರು ಯಾರೂ ಕ್ಯಾಲಿಗುಲರಲ್ಲ. ಕ್ಯಾಲಿಗುಲನನ್ನು ಸೃಷ್ಟಿಸಿದ್ದು ಅಧಿಕಾರ. ಅವನನ್ನು ಕೊಂದ ಮೇಲೂ ಸೆನೆಟ್ ಗಣರಾಜ್ಯವನ್ನು ಮರಳಿ ತರಲಾರದೆ ಹೋಯಿತು. ಕಾವಲುಪಡೆ ಕ್ಲಾಡಿಯಸ್‌ನನ್ನು ಪಟ್ಟಕ್ಕೇರಿಸಿತು. ಮುಂದಿನ ರೋಮ್ ಚಿತ್ರ ನೋಡುವಾಗ ಸಿಂಹಾಸನದ ಮೇಲಿದ್ದವನನ್ನು ಮಾತ್ರ ನೋಡಬೇಡಿ. ಸುತ್ತ ನಿಂತು ಚಪ್ಪಾಳೆ ತಟ್ಟುತ್ತಿರುವವರು ಯಾರು, ಅವರಿಗೆ ಅದರಿಂದ ಏನು ಸಿಗುತ್ತಿದೆ ಎಂದು ಕೇಳಿ. ಅದಕ್ಕೆ ಉತ್ತರ ಹುಡುಕದ ಚಿತ್ರ ಎಷ್ಟೇ ಅದ್ದೂರಿಯಾಗಿದ್ದರೂ ರೋಮ್‌ನ ಬಗ್ಗೆ ಏನನ್ನೂ ಹೇಳುತ್ತಿಲ್ಲ.