ಕೈಗೆ ಕಲಿಸಿದ್ದು ಕಣ್ಣಿಗೆ ಬಂತೇ?

ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದ ಕೆಲವರಿಗೆ ಎಡಗಡೆ ಎಂಬುದೊಂದು ಇದೆ ಅನ್ನುವುದೇ ಹೊಳೆಯುವುದಿಲ್ಲ. ಕಣ್ಣು ಸರಿಯಿರುತ್ತದೆ, ಗಮನ ಮಾತ್ರ ಆ ಕಡೆ ತಿರುಗುವುದಿಲ್ಲ. ವೈದ್ಯರು ಇದನ್ನು ನೆಗ್ಲೆಕ್ಟ್ ಅನ್ನುತ್ತಾರೆ. ಇದರ ಚಿಕಿತ್ಸೆಯ ಮಾತು ಬಂದಾಗಲೆಲ್ಲ ಇಪ್ಪತ್ತೈದು ವರ್ಷಗಳಿಂದ ಮೆರೆಯುತ್ತಿರುವುದು ಪ್ರಿಸಂ ಕನ್ನಡಕ. ಅದರ ಕೀರ್ತಿ ಯೋಗ್ಯತೆಗಿಂತ ದೊಡ್ಡದು ಎಂಬುದು ನನ್ನ ತಕರಾರು.

ಕೀರ್ತಿಯ ಮೂಲ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಈವ್ ರೊಸೆಟ್ಟಿ ಮತ್ತು ಸಂಗಡಿಗರ ಪುಟ್ಟ ಲೇಖನ. ಕೆಲಸ ನಡೆದದ್ದು ಫ್ರಾನ್ಸಿನ ಲಿಯಾನ್‌ನಲ್ಲಿ. ಕಂಡದ್ದನ್ನೆಲ್ಲ 10 ಡಿಗ್ರಿ ಬಲಕ್ಕೆ ಸರಿಸುವ ಕನ್ನಡಕ ಹಾಕಿಸಿ, ಎದುರಿನ ಗುರಿಯತ್ತ ಸುಮಾರು 50 ಸಲ ಬೆರಳು ಚಾಚಿಸುತ್ತಾರೆ. ಮೊದಮೊದಲು ಬೆರಳು ಗುರಿ ತಪ್ಪಿ ಬಲಕ್ಕೆ ಹೋಗುತ್ತದೆ. ನಾಲ್ಕಾರು ಸಲಕ್ಕೆ ಕೈ ತಾನಾಗಿ ತಿದ್ದಿಕೊಳ್ಳುತ್ತದೆ. ಕನ್ನಡಕ ತೆಗೆದ ಮೇಲೂ ಆ ತಿದ್ದುಪಡಿ ಉಳಿದು, ಈಗ ಬೆರಳು ಎಡಕ್ಕೆ ವಾಲುತ್ತದೆ. ಎಲ್ಲ ಸೇರಿ ಐದು ನಿಮಿಷವೂ ಹಿಡಿಯದ ಕೆಲಸ. ಇದರಿಂದ ನೆಗ್ಲೆಕ್ಟಿನಲ್ಲಿ ಕಂಡ ಸುಧಾರಣೆ ಎರಡು ಗಂಟೆ ಕಳೆದರೂ ಹಾಗೇ ಇತ್ತಂತೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸುಧಾರಣೆಯನ್ನು ಅಳೆದದ್ದು ಹೇಗೆ? ಗೆರೆಯ ನಡುವನ್ನು ಗುರುತಿಸುವುದು, ಹಾಳೆಯ ಮೇಲಿನ ಗೀಟುಗಳನ್ನು ಹೊಡೆದುಹಾಕುವುದು, ಚಿತ್ರ ನೋಡಿ ಬರೆಯುವುದು, ನೆನಪಿನಿಂದ ಹೂ ಬರೆಯುವುದು, ಒಂದಿಷ್ಟು ಓದುವುದು. ಐದರಲ್ಲಿ ನಾಲ್ಕು ಕೈಯ ಕೆಲಸ, ಅದೂ ಈಗಷ್ಟೇ ಎಡಕ್ಕೆ ವಾಲುವಂತೆ ಪಳಗಿಸಿದ ಕೈಯದು. ಕೈಗೆ ಪಾಠ ಹೇಳಿ ಕೈಯಿಂದಲೇ ಪರೀಕ್ಷೆ ಬರೆಸಿದರೆ ಯಾರು ನಪಾಸಾದಾರು? ಹಾಗಾದರೆ ಓದು ಸುಧಾರಿಸಿದ್ದು ಹೇಗೆ ಎಂದು ಪ್ರತಿವಾದಿಗಳು ಕೇಳುತ್ತಾರೆ. 2001ರಲ್ಲಿ ಅದೇ ಗುಂಪು, ಮನಸ್ಸಿನಲ್ಲೇ ಫ್ರಾನ್ಸಿನ ನಕ್ಷೆ ಕಲ್ಪಿಸಿಕೊಂಡು ಊರುಗಳ ಹೆಸರು ಹೇಳುವಾಗಲೂ ಗುಣ ಕಂಡಿತು ಎಂದಿತು. ಒಪ್ಪಬೇಕಾದ ಮಾತೇ. ಆದರೆ 2003ರಲ್ಲಿ ಸೂಸನ್ ಫರ್ಬರ್ ಮತ್ತು ಜೊತೆಗಾರರು ವರದಿ ಮಾಡಿದ ರೋಗಿಯನ್ನು ನೋಡಿ. ಒಂದು ಅರ್ಧ ನಗುವ, ಇನ್ನೊಂದು ಅರ್ಧ ನಗದ ಮುಖಗಳನ್ನು ತೋರಿಸಿದರು. ಪ್ರಿಸಂ ಅಭ್ಯಾಸವಾದ ಮೇಲೆ ಕಣ್ಣು ಎಡಕ್ಕೆ ಧಾರಾಳವಾಗಿ ಓಡಾಡಿತು. ಯಾವ ಮುಖ ಹೆಚ್ಚು ನಗುತ್ತಿದೆ ಎಂದು ಕೇಳಿದರೆ ತೀರ್ಪು ಮಾತ್ರ ಹಿಂದಿನಂತೆ ಬಲ ಅರ್ಧವನ್ನೇ ನೆಚ್ಚಿತ್ತು. ಕಣ್ಣು ಹೋಯಿತು, ಕಾಣಲಿಲ್ಲ. ಒಬ್ಬನೇ ರೋಗಿ, ನಿಜ. ನನ್ನ ಮಟ್ಟಿಗೆ ನೂರು ಗೆರೆಗಳ ಲೆಕ್ಕಕ್ಕಿಂತ ಆ ಒಂದು ಮುಖವೇ ಹೆಚ್ಚು ಹೇಳುತ್ತದೆ.

ಪ್ರಿಸಂ ಪಕ್ಷದವರು ಸೋಲೊಪ್ಪುವ ರೀತಿ ವಿಚಿತ್ರ. ಇಂಗ್ಲೆಂಡಿನಲ್ಲಿ ಏಲಿ ಟರ್ಟನ್ ತಂಡ 2010ರಲ್ಲಿ, ರೋಗಿಗಳು ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳುವುದರಲ್ಲಿ ಇದರಿಂದ ಲಾಭವಿಲ್ಲ ಎಂದಾಗ, ಆ ಕನ್ನಡಕದ ಶಕ್ತಿ ಸಾಲದು ಎಂದರು. 2017ರಲ್ಲಿ ಟೆನ್ ಬ್ರಿಂಕ್ ತಂಡ ನೆದರ್ಲೆಂಡ್ಸ್‌ನಲ್ಲಿ 70 ರೋಗಿಗಳೊಂದಿಗೆ 10 ಡಿಗ್ರಿಯ ಕನ್ನಡಕವನ್ನೇ ಎರಡು ವಾರ ಬಳಸಿತು. ನಕಲಿ ಕನ್ನಡಕ ಹಾಕಿಕೊಂಡವರೂ ಅಷ್ಟೇ ಸುಧಾರಿಸಿದರು. ಈಗ ರೋಗಿಗಳ ಆಯ್ಕೆ, ಹೊತ್ತು, ಪ್ರಮಾಣದ ಮಾತು ಬಂದಿದೆ. ನೆಲ ಇನ್ನೆಷ್ಟು ಕಡೆ ಡೊಂಕೋ! ಹಾಗೆಂದು, ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶಕರ ಪರವೂ ನಾನಲ್ಲ. 2021ರಲ್ಲಿ ಅವರು 65 ಪ್ರಯೋಗ, 1951 ರೋಗಿಗಳನ್ನು ಸೇರಿಸಿ, ನೆಗ್ಲೆಕ್ಟಿನ ಯಾವ ಚಿಕಿತ್ಸೆಯೂ ಸಾಬೀತಾಗಿಲ್ಲ ಎಂದು ಬರೆದು ಕೈತೊಳೆದುಕೊಂಡರು. ಪುರಾವೆ ಸಾಲದು ಎಂಬ ಮಾತು ಆಸ್ಪತ್ರೆಯ ಕಾರಿಡಾರಿಗೆ ಬರುವಷ್ಟರಲ್ಲಿ ಪ್ರಯೋಜನವಿಲ್ಲ ಎಂದಾಗಿಬಿಡುತ್ತದೆ. ಅದು ಅವರಿಗೆ ಗೊತ್ತಿಲ್ಲವೇ?

ಈ ಗದ್ದಲದಲ್ಲಿ ಮೂಲೆ ಸೇರಿದ್ದು 1970ರ ದಶಕದ ನ್ಯೂಯಾರ್ಕಿನ ಲಿಯೊನಾರ್ಡ್ ಡಿಲ್ಲರ್ ಮತ್ತು ಜೋಸೆಫ್ ವೈನ್‌ಬರ್ಗ್ ಅವರ ಕಣ್ಣೋಟದ ತರಬೇತಿ. ಪುಟದ ಎಡ ಅಂಚಿಗೆ ದಪ್ಪ ಗೆರೆ ಎಳೆದು, ಅದು ಸಿಕ್ಕುವ ತನಕ ಸಾಲು ಓದಬೇಡ ಎಂದು ಕಲಿಸುವುದು. ಇಪ್ಪತ್ತು ಗಂಟೆ ಹಿಡಿಯುವ ಬೇಸರದ ಕೆಲಸ. ಅದರಲ್ಲಿ ಪವಾಡವಿಲ್ಲ, ಹಾಗಾಗಿ ಸುದ್ದಿಯೂ ಇಲ್ಲ.

ಪಾರ್ಶ್ವವಾಯು ಹೊಡೆದು ಮನೆಗೆ ಬಂದ ನಮ್ಮ ದೊಡ್ಡಪ್ಪ ಪತ್ರಿಕೆಯ ಸಾಲುಗಳನ್ನು ಅರ್ಧದಿಂದ ಓದಿ, “ಏನು ಬರೀತಾರೋ, ತಲೆಬುಡ ಇಲ್ಲ” ಎಂದು ಬೈಯುತ್ತಿದ್ದರು. ದೊಡ್ಡಮ್ಮ ದಿನಾ ಬೆಳಿಗ್ಗೆ ಪ್ರತಿ ಅಂಕಣದ ಎಡಕ್ಕೂ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು ಕೊಡತೊಡಗಿದರು. ತಿಂಗಳೊಪ್ಪತ್ತಿಗೆ ಓದು ಹಿಡಿತಕ್ಕೆ ಬಂತು. ಊಟಕ್ಕೆ ಕೂತರೆ ಮಾತ್ರ ಎಲೆಯ ಎಡತುದಿಯ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಕಿದಲ್ಲೇ ಇರುತ್ತಿದ್ದವು. ಸಾರಿಗೆ ಉಪ್ಪೇ ಇಲ್ಲ ಅನ್ನುತ್ತಿದ್ದರು. ಎಲೆಗೆ ಗೆರೆ ಎಳೆಯುವುದು ಹೇಗೆ ಅಂತ ದೊಡ್ಡಮ್ಮ ನನ್ನನ್ನು ಕೇಳಿದ್ದರು.