ಕಲ್ಲಿನಲ್ಲಿ ಉಳಿದ ಮರದ ಅಳತೆ

ಪರಂಪರೆಯ ತಾಣಗಳನ್ನು ಪರಿಚಯಿಸುವವರಿಗೆ ‘ಮೊದಲ’ ಎಂಬ ಪದ ಬಲು ಪ್ರಿಯ. ಕೆನಡಾದ ಒಂಟಾರಿಯೋ ಪ್ರಾಂತದ ಸೂ ಸೇಂಟ್ ಮರೀ ಊರಿನ ಪುಟ್ಟ ಕಲ್ಲಿನ ಲಾಕ್‌ಗೂ ಆ ಪದವೇ ಗೌರವ ತಂದುಕೊಟ್ಟಿದೆ. ಸುಪೀರಿಯರ್ ಮತ್ತು ಹ್ಯೂರಾನ್ ಸರೋವರಗಳ ನಡುವೆ ಇಂದು ಭಾರಿ ಹಡಗುಗಳನ್ನು ಹಾಯಿಸುವ ಲಾಕ್‌ಗಳಿಗೆಲ್ಲ ಇದೇ ಹಿರಿಯಣ್ಣ ಎಂದು ಹೇಳುವುದು ವಾಡಿಕೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಆ ಲಾಕ್ ಹೇಳಬಲ್ಲ ಮುಖ್ಯ ಸಂಗತಿಗಳು ನಮ್ಮ ಕಿವಿಗೆ ಬೀಳುವುದೇ ಇಲ್ಲ.

ಸೇಂಟ್ ಮೇರಿಸ್ ನದಿ ಇಲ್ಲಿ ಸುಮಾರು 21 ಅಡಿ ಕೆಳಕ್ಕೆ ಧುಮ್ಮಿಕ್ಕಿ ಹರಿಯುತ್ತದೆ. ಮಾಂಟ್ರಿಯಲ್‌ನಿಂದ ಹೊರಟು ಪಶ್ಚಿಮದ ತುಪ್ಪಳದ ನಾಡಿಗೆ ಹೋಗುವ ದೋಣಿಗಳು ಇಲ್ಲಿ ನಿಲ್ಲಬೇಕಿತ್ತು. ಸರಕನ್ನು ಇಳಿಸಿ, ಹೊತ್ತು, ಮೇಲೆ ಸಾಗಿಸಿ ಮತ್ತೆ ತುಂಬಬೇಕಿತ್ತು. ಯುರೋಪಿನವರ ಟೊಪ್ಪಿಗೆಗಳಿಗಾಗಿ ಬೀವರ್ ತುಪ್ಪಳ ಕೊಳ್ಳುತ್ತಿದ್ದ ನಾರ್ತ್ ವೆಸ್ಟ್ ಕಂಪನಿಗೆ ಇದು ಕಾಲಹರಣ. ಹಾಗಾಗಿ 18ನೇ ಶತಮಾನದ ಕೊನೆಯಲ್ಲಿ ಅದು ಒಂದು ಕಾಲುವೆ ತೋಡಿ, ಎರಡೂ ತುದಿಗೆ ಬಾಗಿಲಿರುವ ನೀರಿನ ಕೋಣೆಯೊಂದನ್ನು ಕಟ್ಟಿತು. ದೋಣಿ ಒಳಬಂದ ಮೇಲೆ ಕೆಳಬಾಗಿಲು ಮುಚ್ಚಿ, ಮೇಲಿನಿಂದ ನೀರು ಬಿಟ್ಟರೆ, ದೋಣಿ ನೀರಿನ ಜೊತೆಗೇ ಏರುತ್ತದೆ.

ಬ್ರಿಟಿಷ್ ಸೇನೆಯ ಎಂಜಿನಿಯರ್ ಬ್ರುಯೇರ್ 1802ರಲ್ಲಿ ಬರೆದ ವರದಿಯಲ್ಲಿ ಇದರ ಲೆಕ್ಕವಿದೆ. ಲಾಕ್‌ನ ಉದ್ದ 38 ಅಡಿ, ಅಗಲ 8 ಅಡಿ 9 ಅಂಗುಲ, ನೀರು ಏರುವ ಎತ್ತರ 9 ಅಡಿ. ಕಾಲುವೆಯಿಂದ ಲಾಕ್‌ಗೆ ನೀರು ತರಲು ಜೌಗಿನ ಮೇಲೆ 300 ಅಡಿ ಉದ್ದದ ಮರದ ದೋಣಿಕಾಲುವೆ. ಪಕ್ಕದಲ್ಲಿ ದನಗಳು ನಡೆಯಲು ಹಲಗೆ ಹಾಸಿದ 12 ಅಡಿ ಅಗಲದ ದಾರಿ. ಕಂಪನಿಯ ದೊಡ್ಡ ತೊಗಟೆದೋಣಿಯ ಉದ್ದ ಸುಮಾರು 36 ಅಡಿ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ದೋಣಿ ಒಳಗೆ ನಿಂತರೆ ಉದ್ದದಲ್ಲಿ ಉಳಿಯುವುದು ಒಂದೆರಡು ಅಡಿ. ಇದು ಊರಿನ ಹಾದಿಯಾಗಲಿ ಸಾರ್ವಜನಿಕ ಕಾಲುವೆಯಾಗಲಿ ಅಲ್ಲ. ಒಂದು ಕಂಪನಿಯ ದೋಣಿಯ ಮೈಗೆ ಹೊಲಿಸಿದ ಅಂಗಿ.

ಆ ಅಂಗಿ ಬಾಳಿದ್ದು ಎರಡು ದಶಕವೂ ಅಲ್ಲ. 1814ರ ಯುದ್ಧದಲ್ಲಿ ಅಮೆರಿಕದ ಸೈನಿಕರು ಕಂಪನಿಯ ಠಾಣೆಗೆ ಬೆಂಕಿಯಿಟ್ಟು ಲಾಕನ್ನೂ ನಾಶಮಾಡಿದರು. 1821ರಲ್ಲಿ ಕಂಪನಿಯೇ ಹಡ್ಸನ್ಸ್ ಬೇ ಕಂಪನಿಯಲ್ಲಿ ವಿಲೀನವಾಯಿತು, ತುಪ್ಪಳದ ವ್ಯಾಪಾರ ಹಡ್ಸನ್ ಕೊಲ್ಲಿಯ ಹಾದಿ ಹಿಡಿಯಿತು. 1889ರಲ್ಲಿ ಹಳೆಯ ಲಾಕ್‌ನ ಅವಶೇಷ ಪತ್ತೆಯಾಯಿತು. ಆನಂತರ ಅದನ್ನು ಕಲ್ಲಿನಲ್ಲಿ ಮರುಕಟ್ಟಿಸಿದವರು ಉದ್ಯಮಿ ಫ್ರಾನ್ಸಿಸ್ ಕ್ಲರ್ಗ್. ಅವರ ಕಾಗದದ ತಿರುಳಿನ ಗಿರಣಿ ಎದ್ದದ್ದು ಅದೇ ನೆಲದಲ್ಲಿ. ಕಂಪನಿಯ ಹಳೆಯ ಮದ್ದಿನಮನೆಯ ಮೇಲೆ ಮರದ ಅಂತಸ್ತು ಏರಿಸಿ ಅವರು ವಾಸವನ್ನೂ ಮಾಡಿದರು. ಹಳೆಯ ವ್ಯಾಪಾರದ ಕುರುಹನ್ನು ಹೊಸ ಉದ್ಯಮ ತನ್ನ ಅಂಗಳದಲ್ಲಿ ನಿಲ್ಲಿಸಿಕೊಂಡಾಗ ಅದು ಉಳಿಸುವ ಕೆಲಸವೂ ಹೌದು, ವಾರಸುದಾರಿಕೆ ಹೇಳಿಕೊಳ್ಳುವ ಕೆಲಸವೂ ಹೌದು.

ಹಾಗಾದರೆ ನಾವು ನೋಡುತ್ತಿರುವುದು ನಕಲಿಯೇ? ಪ್ರಶ್ನೆ ಅಷ್ಟು ಸರಳವಲ್ಲ. ಮರದ ಮೂಲ ಬದುಕಿದ್ದಕ್ಕಿಂತ ಎಷ್ಟೋ ಹೆಚ್ಚು ಕಾಲ ಕಲ್ಲಿನ ಪ್ರತಿ ಬದುಕಿದೆ. ಅದಕ್ಕೂ ಈಗ ತನ್ನದೇ ಚರಿತ್ರೆಯಿದೆ. ಅದನ್ನು ಕಾಪಾಡಬೇಕು. ಆದರೆ ಕಲ್ಲಿನ ಗಟ್ಟಿತನ ಒಂದು ತಪ್ಪು ಅರ್ಥವನ್ನೂ ಕೊಡುತ್ತದೆ. ಜೌಗಿನಲ್ಲಿ ಮರ ಜೋಡಿಸಿ ಲಾಭದ ಆತುರದಲ್ಲಿ ಕಟ್ಟಿದ್ದು, ಕಲ್ಲಾದ ಕೂಡಲೇ ಶಾಶ್ವತಕ್ಕೆಂದೇ ಕಟ್ಟಿದ ಸ್ಮಾರಕದಂತೆ ಕಾಣುತ್ತದೆ.

‘ಮೊದಲ’ ಎಂಬ ಪದದ ದೊಡ್ಡ ತೊಂದರೆ ಇನ್ನೊಂದು. ಅನಿಶಿನಾಬೆ ಜನರು ಈ ಜಾಗವನ್ನು ಕರೆದದ್ದು ಬಾವೇಟಿಂಗ್ ಎಂದು. ಅಂದರೆ ರಭಸದ ನೀರಿನ ತಾಣ. ಹಳೆಯ ಫ್ರೆಂಚಿನ ‘ಸೂ’ ಪದದ ಅರ್ಥವೂ ಅದೇ. ಆ ನೀರಿನಲ್ಲೇ ಅವರು ದೋಣಿ ನಿಲ್ಲಿಸಿ ಕೈಬಲೆಯಿಂದ ಬಿಳಿಮೀನು ಹಿಡಿಯುತ್ತಿದ್ದರು. ದೂರದ ಜನ ಅಲ್ಲಿಗೆ ಬಂದು ಸೇರುತ್ತಿದ್ದರು. ಕಂಪನಿಯ ಕಣ್ಣಿಗೆ ಅಡ್ಡಿಯಾದದ್ದು ಅವರಿಗೆ ಊರಿನ ಕಾರಣವಾಗಿತ್ತು. ಅಲ್ಲಿನ ವೈಟ್‌ಫಿಶ್ ದ್ವೀಪವನ್ನು 20ನೇ ಶತಮಾನದ ಆರಂಭದಲ್ಲಿ ಅವರಿಂದ ಕಿತ್ತುಕೊಳ್ಳಲಾಯಿತು. ಬಾಚೆವಾನಾ ಸಮುದಾಯಕ್ಕೆ ಅದು ಮರಳಿ ದಕ್ಕಿದ್ದು 1990ರ ದಶಕದಲ್ಲಿ. ಇಂದು ರಭಸಕ್ಕೆ ಎಷ್ಟು ನೀರು ಹೋಗಬೇಕೆಂಬುದನ್ನು ಗೇಟುಗಳು ತೀರ್ಮಾನಿಸುತ್ತವೆ.

ಈ ಪುಟ್ಟ ಲಾಕ್‌ನ ಬೆಲೆಯಿರುವುದು ಇಲ್ಲಿ. ನದಿಯನ್ನು ನಿಲ್ಲುವ ಜಾಗವೆಂದು ಕಂಡವರ ನಡುವೆ, ಅದನ್ನು ದಾಟಿಹೋಗಬೇಕಾದ ತಡೆಯೆಂದು ಕಂಡ ಲೆಕ್ಕಾಚಾರ ಬಂದು ನೆಲೆಯೂರಿದ್ದರ ಅಳತೆ ಅದು, ಅಡಿ ಅಂಗುಲಗಳ ಸಮೇತ. 1855ರ ಅಮೆರಿಕದ ಲಾಕ್, 1895ರ ಕೆನಡಾದ 900 ಅಡಿಯ ಲಾಕ್ ಆ ಲೆಕ್ಕಾಚಾರವನ್ನೇ ಹಿಗ್ಗಿಸಿದವು. ಆದ್ದರಿಂದ ಲಾಕ್‌ನ ಕಥೆಯನ್ನು ದೊಡ್ಡ ಲಾಕ್‌ಗಳ ಕಥೆಗೆ ಮುನ್ನುಡಿಯಾಗಿ ಮಾತ್ರ ಹೇಳಿದರೆ ಸಾಲದು. ದ್ವೀಪದ ಕಥೆಯ ಜೊತೆಗಿಟ್ಟು ಹೇಳಬೇಕು. ಆಗ ‘ಮೊದಲ’ ಎಂಬ ಪದ ಹೊಗಳಿಕೆಯಾಗಿ ಕೇಳಿಸದು. ಯಾವುದರ ಮೊದಲು, ಯಾರಿಗೆ ಮೊದಲು ಎಂಬ ಪ್ರಶ್ನೆಯಾಗಿ ಕೇಳಿಸುತ್ತದೆ.