ಕಪ್ಪು ಮಖಮಲ್ಲಿನ ಐತಿಹ್ಯ: ಜೇಮ್ಸ್ ವಾಂಗ್ ಹೌ ಅವರ ಛಾಯಾಗ್ರಹಣ

ವೃತ್ತಿ ಜಾನಪದವೆಂದರೆ ಕುಂಬಾರ, ಕಮ್ಮಾರ, ನೇಕಾರರ ಲೋಕವೆಂದು ಭಾವಿಸುವುದು ವಾಡಿಕೆ. ಆದರೆ ಹಾಲಿವುಡ್ಡಿನಂತಹ ಯಂತ್ರೋದ್ಯಮದಲ್ಲಿಯೂ ಕಸುಬಿನವರ ನಡುವೆ ಬಾಯಿಂದ ಬಾಯಿಗೆ ಸಾಗಿಬಂದ ಐತಿಹ್ಯಗಳಿವೆ. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ (1899-1976) ಅವರನ್ನು ಕುರಿತ ಐತಿಹ್ಯ ಅವುಗಳಲ್ಲೊಂದು. ಅದು ಕಲಾವಿದನನ್ನು ಮೆರೆಸುತ್ತಲೇ ಅವನ ಕಸುಬನ್ನು ಹೇಗೆ ಮರೆಮಾಡಿತೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಜನಿಸಿ ಬಾಲ್ಯದಲ್ಲಿಯೇ ಅಮೆರಿಕ ಸೇರಿದ ಹೌ, 1917ರ ಸುಮಾರಿಗೆ ಲಾಸ್ಕಿ ಸ್ಟುಡಿಯೋದಲ್ಲಿ ಕೆಳಹಂತದ ಕೆಲಸಕ್ಕೆ ಸೇರಿದರು. ಮೂಕಿಚಿತ್ರಗಳ ಆ ಕಾಲದ ಫಿಲ್ಮ್ ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ನೀಲಿ ಕಣ್ಣುಗಳು ತೆರೆಯ ಮೇಲೆ ಬಿಳಿಚಿಕೊಳ್ಳುತ್ತಿದ್ದವು. ಆದರೆ ಹೌ ತೆಗೆದ ಸ್ಥಿರಚಿತ್ರಗಳಲ್ಲಿ ನಟಿ ಮೇರಿ ಮೈಲ್ಸ್ ಮಿಂಟರ್ ಅವರ ನೀಲಿ ಕಣ್ಣುಗಳು ದಟ್ಟವಾಗಿ ಮೂಡಿದವು. ಎದುರಿಗಿದ್ದ ಕಪ್ಪು ಮಖಮಲ್ಲು ಕಣ್ಣಿನಲ್ಲಿ ಪ್ರತಿಬಿಂಬಿಸಿದ್ದೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಚಲನಚಿತ್ರಕ್ಕಾಗಿ ಕಪ್ಪು ಮಖಮಲ್ಲಿನ ತೆರೆ ಕಟ್ಟಿ, ಮಸೂರಕ್ಕಷ್ಟೇ ರಂಧ್ರ ಬಿಟ್ಟು ಚಿತ್ರೀಕರಿಸಿದರು. ಹಬ್ಬಿದ ಸುದ್ದಿಯೇ ಬೇರೆ: ಮಿಂಟರ್ ಚೀನಾದಿಂದಲೇ ಒಬ್ಬ ಛಾಯಾಗ್ರಾಹಕನನ್ನು ಕರೆತಂದಿದ್ದಾಳೆ, ಅವನು ಮಖಮಲ್ಲಿನ ಹಿಂದೆ ಅಡಗಿ ಚಿತ್ರ ತೆಗೆಯುತ್ತಾನೆ! ಮುಂದೆ ಹೌ ಅವರೇ ಈ ಕಥೆಯನ್ನು ನಿರೂಪಿಸುತ್ತಿದ್ದರು.

ದೂರದೇಶದಿಂದ ಬಂದ ಮಂತ್ರವಾದಿ ಜನಪದ ಕಥೆಗಳ ಚಿರಪರಿಚಿತ ಆಶಯ. ಇಲ್ಲಿ ಅದು ಬೆಳಕಿನ ಪ್ರತಿಫಲನವೆಂಬ ಸರಳ ಸಂಗತಿಯನ್ನು ಪೂರ್ವದೇಶದ ಇಂದ್ರಜಾಲವಾಗಿಸಿತು. ಹಾಲಿವುಡ್ಡಿನಲ್ಲಿಯೇ ಕಸುಬು ಕಲಿತವನನ್ನು ಹೊರಗಿನವನನ್ನಾಗಿಸಿತು. ಈ ಐತಿಹ್ಯದಿಂದ ಅವರಿಗೆ ಅವಕಾಶಗಳು ಹೆಚ್ಚಿದವೆಂಬುದೂ ನಿಜ. ಆದರೆ ಕಾನೂನು ಸಹ ಅವರನ್ನು ಹೊರಗಿನವರೆಂದೇ ಎಣಿಸಿತ್ತೆಂಬುದನ್ನು ಮರೆಯಲಾಗದು. ಚೀನೀ ವಲಸಿಗರಿಗೆ ಅಮೆರಿಕದ ನಾಗರಿಕತ್ವ ಪಡೆಯುವ ದಾರಿ ತೆರೆದದ್ದು 1943ರಲ್ಲಿ. ಲೇಖಕಿ ಸನೋರಾ ಬ್ಯಾಬ್ ಅವರೊಂದಿಗಿನ ದಾಂಪತ್ಯಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಮಾನ್ಯತೆ ದೊರೆಯಲು, ಅಂತರ್ಜನಾಂಗೀಯ ವಿವಾಹದ ನಿಷೇಧವನ್ನು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1948ರಲ್ಲಿ ರದ್ದುಪಡಿಸುವವರೆಗೆ ಕಾಯಬೇಕಾಯಿತು.

ಹೌ ಅವರ ಕಸುಬಿನ ಸತ್ವವಿರುವುದು ಮಾಯೆಯಲ್ಲಲ್ಲ, ಪ್ರತಿ ದೃಶ್ಯಕ್ಕೂ ತಕ್ಕ ಉಪಾಯ ಹುಡುಕುವ ವಿವೇಕದಲ್ಲಿ. 'ಸಿಟಿಜನ್ ಕೇನ್' (1941) ಚಿತ್ರಕ್ಕೆ ಹತ್ತು ವರ್ಷ ಮೊದಲೇ, 'ಟ್ರಾನ್ಸ್‌ಅಟ್ಲಾಂಟಿಕ್' (1931) ಚಿತ್ರದಲ್ಲಿ ಅವರು ಹತ್ತಿರದ ಹಾಗೂ ದೂರದ ವಸ್ತುಗಳೆರಡೂ ಸ್ಪಷ್ಟವಾಗಿ ಕಾಣುವ ಆಳದೃಶ್ಯಗಳನ್ನು ರೂಪಿಸಿದ್ದರು. 'ಬಾಡಿ ಅಂಡ್ ಸೋಲ್' (1947) ಚಿತ್ರದ ಮುಷ್ಟಿಯುದ್ಧವನ್ನು, ಗಾಲಿಪಾದುಕೆ ತೊಟ್ಟು ಕ್ಯಾಮೆರಾ ಕೈಯಲ್ಲಿ ಹಿಡಿದು ಅಖಾಡದೊಳಗಿನಿಂದಲೇ ಸೆರೆಹಿಡಿದರು. ತಾರುಣ್ಯದಲ್ಲಿ ಸ್ವತಃ ಮುಷ್ಟಿಯುದ್ಧ ಪಟುವಾಗಿದ್ದ ಅವರಿಗೆ ಆ ಚಲನೆಯ ಅರಿವಿತ್ತು. 'ಹಡ್' (1963) ಚಿತ್ರದಲ್ಲಿ ಟೆಕ್ಸಾಸ್ ಬಯಲಿನ ಆಕಾಶವನ್ನು ಶೋಧಕಗಳಿಂದ ಅಲಂಕರಿಸದೆ ಬರಿದಾಗಿಯೇ ಉಳಿಸಿದರು. ಆ ಶೂನ್ಯತೆ ಕಥಾನಾಯಕನ ಒಳಬರಡುತನಕ್ಕೆ ಸಂವಾದಿಯಾಗಿದೆ. 'ದ ರೋಸ್ ಟ್ಯಾಟೂ' (1955) ಮತ್ತು 'ಹಡ್' ಅವರಿಗೆ ಆಸ್ಕರ್ ಪ್ರಶಸ್ತಿ ತಂದಿತ್ತವು.

ಮಖಮಲ್ಲಿನ ತೆರೆ ಮತ್ತು 'ಹಡ್'ನ ಬರಿದು ಆಕಾಶ ಒಂದೇ ಬುದ್ಧಿಯ ಎರಡು ಫಲಗಳು. ಮೊದಲನೆಯದು ಐತಿಹ್ಯವಾಯಿತು, ಏಕೆಂದರೆ ಅದರಲ್ಲಿ ಅಡಗಿದ ಮನುಷ್ಯನೊಬ್ಬನಿದ್ದ. ಐತಿಹ್ಯವನ್ನು ಸಂಗ್ರಹಿಸುವುದು ಜಾನಪದ ಅಧ್ಯಯನದ ಕರ್ತವ್ಯ. ಅದು ಯಾರ ದುಡಿಮೆಯನ್ನು ಮಾಯೆಯೆಂದು ಕರೆದಿದೆ ಎಂದು ಕೇಳುವುದೂ ಅಷ್ಟೇ ಮುಖ್ಯವಾದ ಕರ್ತವ್ಯ.